ತಬ್ಬಲಿಯ ದವಡೆಯಲ್ಲಿದ್ದ ಕಲ್ಲು

ಮಕ್ಕಳಿಗೆ ಹೇಳತಕ್ಕ ಕಥೆಗಳಲ್ಲಿ ತಂದೆತಾಯಿಗಳಿಲ್ಲದ ಮಗುವಿನ ಕಥೆಯೇ ಹೆಚ್ಚೆಂಬುದನ್ನು ನಮ್ಮ ವಾಚಕರು ಕಂಡಿರಬಹುದು. ಸುಖವಾಗಿ ಬೆಳೆಯುತ್ತಿರುವ ಮಕ್ಕಳ ಮುಂದೆ ಈ ಅಳುವಿನ ಪುರಾಣವೇತಕ್ಕೆಂದು ಕೆಲವರು ಗೃಹಸ್ಥರು ಆಕ್ಷೇಪಿಸುವುದೂ ಉಂಟು. ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಆದರೆ ಎಲ್ಲ ದೇಶಗಳ ಅಜ್ಜಿಯರೂ ಒಮ್ಮನಸ್ಸಿನಿಂದ ಈ ಒಂದೇ ಉಪಾಯವನ್ನು ಹಿಡಿದಿರುವರೆಂದ ಮೇಲೆ ಅದಕ್ಕೆ ಕಾರಣವೊಂದಿರಲೇಬೇಕಷ್ಟೆ. ಕಥೆಯೊಳಗಿನ ಹುಡುಗನು ಹೊಸ್ತಿಲನ್ನು ದಾಟಿ ಕಾಡಿಗೆ ಹೋಗಬೇಕಾದರೆ, 'ಹೊತ್ತಾಯಿತು, ಒಳಗೆ ಬಾ' ಎಂದು ಕೂಗುವವರು ಯಾರೂ ಇರಬಾರದು. ತಾಯಿಯು ಬಾಗಿಲಲ್ಲಿ ನಿಂತಿರುವವರೆಗೆ ಸಾಹಸವೆಂಬುದು ಹಿತ್ತಿಲನ್ನು ದಾಟದು. ಹೀಗೆ ತಾಯಿಯನ್ನು ತೆಗೆದುಬಿಟ್ಟ ಕಥೆಗಾರನು, ಬರಿಗೈಯ ಮಗುವನ್ನು ಕಾಡಿಗೆ ಅಟ್ಟಲು ಮನಸ್ಸೊಪ್ಪದೆ, ಅದರ ಕೈಯಲ್ಲಿ ಏನಾದರೊಂದು ಮಹಿಮೆಯ ವಸ್ತುವನ್ನು ಇಡುತ್ತಾನೆ. ಒಂದು ಕಡೆ ಅದು ದೀಪವಾಗುತ್ತದೆ, ಇನ್ನೊಂದು ಕಡೆ ಪಾದರಕ್ಷೆಯಾಗುತ್ತದೆ, ಮತ್ತೊಂದು ಕಡೆ ಉಂಗುರವಾಗುತ್ತದೆ.

ಇಂಥ ಕಥೆಯನ್ನು ಮನೆಯಲ್ಲಿ ಹೇಗೆ ಹೇಳಬೇಕೆಂಬುದೇ ಈ ತಿಂಗಳ ನಮ್ಮ ವಿಷಯವು. ಉದಾಹರಣೆಗಾಗಿ ನಾವು ಸಮುದ್ರವನ್ನು ದಾಟಿ ಹೋಗಬೇಕಾದುದಿಲ್ಲ. ಕಡೂರು ತಾಲ್ಲೂಕಿನ ದೇವನೂರಿನವನೆಂದು ಪ್ರಸಿದ್ಧನಾದ ಲಕ್ಷ್ಮೀಶ ಕವಿಯು ತನ್ನ ಜೈಮಿನಿ ಭಾರತದಲ್ಲಿ ಹೇಳಿರುವ ಚಂದ್ರಹಾಸನ ಕಥೆಯಲ್ಲಿ ತಬ್ಬಲಿಯೂ ಇದ್ದಾನೆ, ಮಹಿಮೆಯ ವಸ್ತುವೂ ಇದೆ, ಕಾಡೂ ಕೊಲೆಗಾರರೂ ಕಳ್ಳಬರಹದ ಪತ್ರವೂ ಇವೆ. ಆ ಕಾವ್ಯವೇನೋ ಮಕ್ಕಳಿಗಾಗಿ ಹುಟ್ಟಿದುದಲ್ಲ. ೩೪ ಸಂಧಿಗಳ ವಾರ್ಧಕ ಷಟ್ಪದಿಯ ಗ್ರಂಥವದು. ಪಾಂಡವರ ಅಶ್ವಮೇಧದ ಕುದುರೆಯು ಕುಂತಳ ದೇಶವನ್ನು ಹೊಕ್ಕಾಗ, ಅಲ್ಲಿಯ ಅರಸನು ಯಾರೆಂಬುದನ್ನು ನಾರದನು ಅರ್ಜುನನಿಗೆ ವಿವರಿಸುವ ಸಂದರ್ಭದಲ್ಲಿ ಈ ಕಥೆಯು ಬರುತ್ತದೆ. ಆದರೂ ಜನರು ಅದನ್ನು ಕಾವ್ಯದಲ್ಲಿಯೇ ಬಿಟ್ಟಿರಲಿಲ್ಲ. ಗಮಕಿಗಳು ಅದನ್ನು ಹಾಡಿದರು. ಯಕ್ಷಗಾನದವರು ರಾತ್ರಿಯೆಲ್ಲ ಆಡಿದರು. ಕುವೆಂಪು ಅವರು ಇದನ್ನೇ ವಸ್ತುವಾಗಿಟ್ಟುಕೊಂಡು ನಾಟಕವನ್ನು ರಚಿಸಿದರು. ೧೯೬೫ರಲ್ಲಿ ಬಿ. ಎಸ್. ರಂಗಾ ಅವರ ನಿರ್ದೇಶನದಲ್ಲಿ ಚಲನಚಿತ್ರವಾಗಿಯೂ ಇದು ಬಂದಿತು. ಮನೆಯ ಜಗಲಿಯ ಮೇಲೆ ಇದನ್ನು ಹೇಳಿದ ಹಿರಿಯರಿಗಂತೂ ಲೆಕ್ಕವಿಲ್ಲ.

ಇಷ್ಟು ಜನರ ಬಾಯಲ್ಲಿ ಸವೆದ ಕಥೆಗೆ ಒಂದು ಹಾನಿಯು ಒದಗಿದೆಯೆಂದು ನಮಗೆ ತೋರುತ್ತದೆ. ಅವಸರದಿಂದ ಹೇಳುವವರು ಪತ್ರದ ಪ್ರಸಂಗಕ್ಕೆ ಹಾರಿಬಿಡುತ್ತಾರೆ. 'ತಂದೆತಾಯಿಯಿಲ್ಲದ ಒಬ್ಬ ಹುಡುಗನಿದ್ದ, ಅವನನ್ನು ಮಂತ್ರಿಯು ಕೊಲ್ಲಿಸಬೇಕೆಂದಿದ್ದ' ಎಂಬ ಎರಡು ವಾಕ್ಯಗಳಲ್ಲಿ ಬಾಲ್ಯವೆಲ್ಲ ಮುಗಿಯುತ್ತದೆ. ಕಥೆಯ ಜೀವವು ಆ ಎರಡು ವಾಕ್ಯಗಳೊಳಗೆ ಸಿಕ್ಕಿಕೊಂಡು ಉಸಿರುಗಟ್ಟಿದೆ. ಆದುದರಿಂದ ಆ ಭಾಗವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವೆವು.

ಕೇರಳದ ಅರಸನೊಬ್ಬನಿಗೆ ಮೂಲಾ ನಕ್ಷತ್ರದಲ್ಲಿ ಗಂಡು ಮಗುವು ಹುಟ್ಟಿತು. ಎಡಗಾಲಿಗೆ ಆರು ಬೆರಳುಗಳು. ಸ್ವಲ್ಪ ಕಾಲದಲ್ಲಿಯೇ ಶತ್ರುಗಳು ಮುತ್ತಿದರು, ಅರಸನು ಯುದ್ಧದಲ್ಲಿ ಮಡಿದನು, ತಾಯಿಯೂ ಉಳಿಯಲಿಲ್ಲ. (ಕಾವ್ಯದಲ್ಲಿ ಅವಳು ಸಹಗಮನ ಮಾಡಿದಳೆಂದಿದೆ. ಚಿಕ್ಕ ಮಕ್ಕಳಿಗೆ 'ತಾಯಿಯೂ ಉಳಿಯಲಿಲ್ಲ' ಎಂದಷ್ಟೇ ಹೇಳಿದರೆ ಸಾಕು. ದೊಡ್ಡ ಮಕ್ಕಳು ಕೇಳಿದರೆ ಮುಚ್ಚಿಡದೆ, ಅದು ಕ್ರೂರವಾದ ಪದ್ಧತಿಯಾಗಿತ್ತೆಂದೂ ೧೮೨೯ರಲ್ಲಿ ಬಂಗಾಳದಲ್ಲಿ ಕಾನೂನಿನಿಂದ ಅದನ್ನು ನಿಷೇಧಿಸಿದರೆಂದೂ ಹೇಳತಕ್ಕದ್ದು.) ಅರಮನೆಯ ದಾದಿಯೊಬ್ಬಳು ಕೂಸನ್ನು ಸೆರಗಿನಲ್ಲಿ ಮರೆಸಿಕೊಂಡು ಓಡಿಬಂದು ಕುಂತಳ ನಗರವನ್ನು ಸೇರಿದಳು. ಅಲ್ಲಿ ಪರರ ಮನೆಯ ಕೆಲಸವನ್ನು ಮಾಡಿ ಅದನ್ನು ಸಾಕಿದಳು. ಕೆಲವು ಕಾಲಕ್ಕೆ ಅವಳೂ ತೀರಿಕೊಂಡಳು.

ಇಲ್ಲಿ ಹೇಳುವವರು ಒಂದು ಕ್ಷಣ ನಿಲ್ಲಬೇಕು. ಆ ಮಗುವಿಗೆ ತನ್ನ ತಂದೆಯು ಅರಸನೆಂಬುದು ಗೊತ್ತಿಲ್ಲ, ತಾನು ಯಾವ ದೇಶದವನೆಂಬುದೂ ಗೊತ್ತಿಲ್ಲ. ಬಲ್ಲವಳು ಒಬ್ಬಳಿದ್ದಳು. ಅವಳೇ ಹೋದಳು. ಮಕ್ಕಳಿಗೆ ಇದು ಬಲುಬೇಗ ತಿಳಿಯುತ್ತದೆ. ದಾದಿಯ ಹೆಸರೇನೆಂದು ಅವರು ಕೇಳುವುದುಂಟು. ರಾಜ್ಯವನ್ನು ಕಳೆದುಕೊಂಡ ಅರಸನಿಗಿಂತ, ಮುಸುರೆ ತಿಕ್ಕಿ ಕೂಸಿಗೆ ಗಂಜಿ ಕುಡಿಸಿದ ಈಕೆಯೇ ಅವರಿಗೆ ಹತ್ತಿರದವಳಾಗಿ ಕಾಣುತ್ತಾಳೆ.

ಅನಂತರ ಆ ಹುಡುಗನು ಬೀದಿಯ ಪಾಲಾದನು. ಆದರೆ ಕವಿಯು ಅವನನ್ನು ಉಪವಾಸ ಕೆಡವಲಿಲ್ಲ. ಊರ ಹೆಂಗಸರು ಅವನ ಚೆಲುವನ್ನು ಕಂಡು ಕರೆದರು, ಒಬ್ಬಳು ಉಣಬಡಿಸಿದಳು, ಒಬ್ಬಳು ಮೀಯಿಸಿದಳು, ಒಬ್ಬಳು ಬಟ್ಟೆ ಉಡಿಸಿದಳು. ಹಗಲು ಊರಿನ ಹುಡುಗರೊಡನೆ ಆಟ, ಹಸಿವಾದಾಗ ಯಾವುದೋ ಒಂದು ಮನೆಯ ಬಾಗಿಲು. ಹೀಗಿರಲು ಒಂದು ದಿನ ಆಡುತ್ತ ಆಡುತ್ತ ಬೀದಿಯಲ್ಲಿ ಗುಂಡಗಿನದೊಂದು ಕಲ್ಲು ಸಿಕ್ಕಿತು. ಅದು ಸಾಲಗ್ರಾಮವೆಂಬುದು ಅವನಿಗೇನು ಗೊತ್ತು? ಆಟಕ್ಕೆ ಒಳ್ಳೆಯ ಕಲ್ಲೆಂದು ಎತ್ತಿಕೊಂಡನು. ಆಟ ಮುಗಿದ ಮೇಲೆ ಬಾಯಲ್ಲಿಟ್ಟುಕೊಂಡನು.

ಈ ಬಾಯಲ್ಲಿಟ್ಟುಕೊಳ್ಳುವ ಸಂಗತಿಯನ್ನು ನಮ್ಮ ಗೃಹಿಣಿಯರು ಸ್ವಲ್ಪ ಯೋಚಿಸಿ ನೋಡಬೇಕು. ಸಾಲಗ್ರಾಮವಿರುವ ಮನೆಗಳಲ್ಲಿ ಅದಕ್ಕೆ ನಡೆಯುವ ಮಡಿಯೇನು, ದಿನನಿತ್ಯದ ಅಭಿಷೇಕವೇನು, ಇಡುವ ಸಂಪುಟವೇನು! ಸ್ನಾನ ಮಾಡದೆ ಮುಟ್ಟಿದ ಮಗುವಿನ ಬೆನ್ನಿಗೆ ಪೆಟ್ಟು ಬೀಳದೆ ಹೋಗುವುದಿಲ್ಲ. ಕಥೆಯಲ್ಲಿಯಾದರೋ ಅದೇ ಕಲ್ಲು ಒಬ್ಬ ಬೀದಿಯ ಹುಡುಗನ ಎಂಜಲಿನಲ್ಲಿ ಹಗಲಿರುಳು ಮುಳುಗಿದೆ. ಮಡಿಯನ್ನು ಚೆನ್ನಾಗಿ ಬಲ್ಲ ಕವಿಯೇ ಇದರಲ್ಲಿ ದೋಷವನ್ನು ಕಾಣಲಿಲ್ಲ. ಸಾಲಗ್ರಾಮಕ್ಕೆ ಪ್ರಾಣಪ್ರತಿಷ್ಠೆಯು ಬೇಕಾಗಿಲ್ಲವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಹುಡುಗನ ದೃಷ್ಟಿಯಿಂದಲೂ ನೋಡೋಣ. ಅವನಿಗೆ ಪೆಟ್ಟಿಗೆಯಿಲ್ಲ, ಗೂಡಿಲ್ಲ, ಮೈಮೇಲಿನ ಬಟ್ಟೆಯೂ ಪರರು ಕೊಟ್ಟುದು. ತನ್ನದೆಂಬ ವಸ್ತುವೊಂದನ್ನು ಅವನು ಇನ್ನೆಲ್ಲಿ ಇಡಬೇಕು? ದವಡೆಯೇ ಅವನ ಪೆಟ್ಟಿಗೆ.

ಮಕ್ಕಳಿಗೆ ಆ ಕಲ್ಲಿನ ನಿಜವಾದ ಚರಿತ್ರೆಯನ್ನೂ ಹೇಳಬಹುದು. ಕಥೆಯಷ್ಟೇ ಬೆರಗು ಅದರಲ್ಲಿಯೂ ಇದೆ. ಸಾಲಗ್ರಾಮಗಳು ನೇಪಾಳದಲ್ಲಿ ಹರಿಯುವ ಗಂಡಕೀ ನದಿಯಲ್ಲಿ ದೊರೆಯುತ್ತವೆ. ಅವುಗಳೊಳಗೆ ಕಾಣುವ ಚಕ್ರದ ಗುರುತು, ಸುಮಾರು ೧೫ ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಜೀವಿಸಿದ್ದ ಅಮೋನೈಟ್ ಎಂಬ ಪ್ರಾಣಿಯ ಸುರುಳಿಚಿಪ್ಪಿನ ಅಚ್ಚು. ಹಿಮಾಲಯವಿರುವ ಸ್ಥಳದಲ್ಲಿ ಆಗ ಕಡಲಿತ್ತು. ಕಡಲಿನ ತಳವು ಮೇಲೆದ್ದು ಬೆಟ್ಟವಾಯಿತು, ಬೆಟ್ಟವನ್ನು ಹೊಳೆಯು ಕೊರೆದು ಉರುಳಿಸಿ ಕಲ್ಲನ್ನು ನುಣ್ಣಗೆ ಮಾಡಿತು. ಪೂಜೆ ಮಾಡುವವರಿಗೂ ಭೂಗರ್ಭಶಾಸ್ತ್ರವನ್ನು ಓದಿದವರಿಗೂ ಇದರಲ್ಲಿ ಜಗಳವೇನಿಲ್ಲ. ಗಂಡಕಿಯ ಕಲ್ಲು ಕುಂತಳದ ಬೀದಿಗೆ ಹೇಗೆ ಬಂದಿತೆಂದು ಮಕ್ಕಳು ಕೇಳಿದರೆ, ಯಾತ್ರಿಕನೊಬ್ಬನ ಗಂಟಿನಿಂದ ಜಾರಿರಬಹುದೆಂದು ನಾವು ಹೇಳುವೆವು. ವಾಚಕರು ಬೇರೆ ಉತ್ತರವನ್ನು ಕಲ್ಪಿಸಬಹುದು.

ಇನ್ನು ಈ ಕಲ್ಲು ಮಾಡಿದ ಕೆಲಸವೇನು? ಇದು ಮುಖ್ಯವಾದ ಪ್ರಶ್ನೆ. ಹೊರದೇಶಗಳ ಎರಡು ಕಥೆಗಳೊಡನೆ ಹೋಲಿಸಿದರೆ ವಿಷಯವು ಸ್ಪಷ್ಟವಾಗುತ್ತದೆ. ಅಲ್ಲಾದೀನನ ಕಥೆಯನ್ನು ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬವನು ೧೭೦೯ರಲ್ಲಿ ಪ್ಯಾರಿಸ್ಸಿನಲ್ಲಿ ಗಲಾಂ ಎಂಬ ವಿದ್ವಾಂಸನಿಗೆ ಹೇಳಿದನು. ಗಲಾಂ ಅದನ್ನು ೧೭೧೨ರಲ್ಲಿ ತನ್ನ ಸಹಸ್ರ ರಾತ್ರಿಗಳ ಗ್ರಂಥದಲ್ಲಿ ಸೇರಿಸಿ ಪ್ರಕಟಿಸಿದನು. ಅದರಲ್ಲಿ ದರ್ಜಿಯ ಮಗನೊಬ್ಬನು ತಂದೆಯನ್ನು ಕಳೆದುಕೊಂಡವನು. ಅವನ ಕೈಗೆ ಬಂದ ದೀಪವು ಉಜ್ಜಿದವನಿಗೆಲ್ಲ ದುಡಿಯುತ್ತದೆ. ಉಜ್ಜಿದ ಕೈ ಯಾರದೆಂದು ಅದು ಕೇಳುವುದಿಲ್ಲ. ಆದುದರಿಂದಲೇ ಹಳೆಯ ದೀಪಕ್ಕೆ ಹೊಸ ದೀಪವೆಂದು ಕೂಗಿಕೊಂಡು ಬಂದ ಮಾಂತ್ರಿಕನು ಅದನ್ನು ಹೊಡೆದುಕೊಂಡು ಹೋಗಲು ಸಾಧ್ಯವಾಯಿತು. ಅಮೆರಿಕೆಯ ಬೌಮ್ ಎಂಬ ಲೇಖಕನು ೧೯೦೦ರಲ್ಲಿ ಬರೆದ ಆಜ್ ದೇಶದ ಮಾಂತ್ರಿಕನ ಕಥೆಯಲ್ಲಿ ಡೊರೊಥಿ ಎಂಬ ತಬ್ಬಲಿ ಹುಡುಗಿಯು ಚಿಕ್ಕಪ್ಪ ಚಿಕ್ಕಮ್ಮಂದಿರ ಮನೆಯಲ್ಲಿ ಬೆಳೆಯುತ್ತಾಳೆ. ಸುಂಟರಗಾಳಿಯು ಅವಳನ್ನು ಪರದೇಶಕ್ಕೆ ಒಯ್ಯುತ್ತದೆ. ಅಲ್ಲಿ ಅವಳು ಮೆಟ್ಟಿದ ಬೆಳ್ಳಿಯ ಪಾದರಕ್ಷೆಗಳಿಗೆ ಮನೆಗೆ ಮರಳಿಸುವ ಶಕ್ತಿಯಿದ್ದರೂ ಅದು ತಿಳಿಯದೆ ಕಥೆಯುದ್ದಕ್ಕೂ ನಡೆದು ನಡೆದು ಬಳಲುತ್ತಾಳೆ. ಶಕ್ತಿಯು ತಿಳಿದು ಮನೆಗೆ ಹಾರಿಬರುವಾಗ ಪಾದರಕ್ಷೆಗಳು ಮರುಭೂಮಿಯಲ್ಲಿ ಕಳಚಿ ಬಿದ್ದುಹೋಗುತ್ತವೆ. ದೀಪಕ್ಕಿಂತ ಈ ಪಾದರಕ್ಷೆಯ ಕಥೆಯು ನಮಗೆ ಮೆಚ್ಚು. ೧೯೩೯ರ ಚಲನಚಿತ್ರದವರು ಬಣ್ಣದ ಮೋಹಕ್ಕೆ ಬೆಳ್ಳಿಯನ್ನು ಕೆಂಪು ಮಾಡಿದರು. ಅದನ್ನು ಮನ್ನಿಸಬಹುದು.

ಚಂದ್ರಹಾಸನ ಕಲ್ಲು ದೀಪದಂತೆ ದುಡಿಯುವುದೂ ಇಲ್ಲ, ಪಾದರಕ್ಷೆಯಂತೆ ಒಯ್ಯುವುದೂ ಇಲ್ಲ. ಅದರಿಂದ ಭೂತವು ಹೊರಡಲಿಲ್ಲ, ಅರಮನೆಯು ಏಳಲಿಲ್ಲ, ತಾಯಿಯು ತಿರುಗಿ ಬರಲಿಲ್ಲ. ಅದು ಅವನ ಬಾಯಲ್ಲಿ ಸುಮ್ಮನೆ ಇತ್ತು. ಅವನನ್ನು ಬದುಕಿಸಿದವರನ್ನು ಎಣಿಸಿ ನೋಡಿದರೆ ಎಲ್ಲರೂ ಮನುಷ್ಯರೇ: ದಾದಿ, ಊರ ಹೆಂಗಸರು, ಕೊಲ್ಲಲು ಬಂದವರು, ಬೇಟೆಗೆ ಬಂದ ಕುಳಿಂದನು, ಕಣ್ಣ ಕಾಡಿಗೆಯಿಂದ ಅಕ್ಷರವನ್ನು ತಿದ್ದಿದ ಹುಡುಗಿ. ಭಕ್ತನಾದ ಕವಿಯು ಇವರೆಲ್ಲರ ಮನಸ್ಸಿನಲ್ಲಿ ದೇವರ ಕೈಯನ್ನು ಕಾಣುತ್ತಾನೆ. ಕಾಣಲಿ. ಆದರೆ ದೇವರು ಈ ಕಥೆಯ ಕೊನೆಯವರೆಗೂ ಮನುಷ್ಯರ ಕೈಯಿಂದಲೇ ಕೆಲಸ ಮಾಡಿಸುತ್ತಾನೆಂಬುದನ್ನು ಹೇಳುವವರು ಮರೆಯಬಾರದು.

ಇದನ್ನು ನಾವು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಕಥೆಯನ್ನು ಕೇಳಲು ಕುಳಿತ ಮಕ್ಕಳಲ್ಲಿ ಒಂದು ಮಗುವು ನಿಜವಾಗಿಯೂ ತಬ್ಬಲಿಯಾಗಿರಬಹುದು. ಅಕ್ಕನ ಮಗನನ್ನೋ ಮೈದುನನ ಮಗಳನ್ನೋ ತಂದು ಸಾಕುತ್ತಿರುವ ಮನೆಗಳು ಹಿಂದೆಯೂ ಇದ್ದುವು, ಈಗಲೂ ಇವೆ. ೨೦೨೦-೨೧ರ ಕೋವಿಡ್ ಮಹಾಮಾರಿಯು ಅಂಥ ಮನೆಗಳನ್ನು ಇನ್ನಷ್ಟು ಹೆಚ್ಚಿಸಿತು. ಆಗ ತೊಟ್ಟಿಲಲ್ಲಿದ್ದ ಕೂಸುಗಳು ಈಗ ಕಥೆ ಕೇಳುವ ವಯಸ್ಸಿಗೆ ಬಂದಿವೆ. ಅಂಥ ಮಗುವಿಗೆ ಈ ಕಥೆಯು ಬರಿಯ ಅದ್ಭುತ ಕಥೆಯಲ್ಲ. ಉಳಿದ ಮಕ್ಕಳು ಮಂತ್ರಿಯು ಏನು ಮಾಡಿದನೆಂದು ಕೇಳುತ್ತಿರುವಾಗ, ಆ ಮಗುವು ದಾದಿಯು ಸತ್ತ ರಾತ್ರಿ ಹುಡುಗನು ಎಲ್ಲಿ ಮಲಗಿದನೆಂಬುದನ್ನು ಯೋಚಿಸುತ್ತಿರುತ್ತದೆ.

ಆ ಮಗುವಿನ ಮುಂದೆ, 'ನೋಡು, ಕಲ್ಲಿಗೆ ಕೈಮುಗಿದನು, ಆದುದರಿಂದ ಬದುಕಿದನು, ನೀನೂ ಹಾಗೆಯೇ ಕೈಮುಗಿ' ಎಂದು ಹೇಳುವ ಹಿರಿಯರು ತಾವು ಮಾಡುತ್ತಿರುವುದೇನೆಂಬುದನ್ನು ಅರಿಯರು. ಆಸ್ಪತ್ರೆಯ ಬಾಗಿಲಲ್ಲಿ ಆ ಮನೆಯವರೆಲ್ಲ ಕೈಮುಗಿದಿದ್ದರು. ಅಪ್ಪನು ಬದುಕಲಿಲ್ಲ. ಕೈಮುಗಿದುದಕ್ಕೆ ಪ್ರತಿಯಾಗಿ ಪ್ರಾಣವು ದೊರೆಯುವುದೆಂದು ಕಥೆಯು ಲೆಕ್ಕ ಹೇಳಿದರೆ, ತನ್ನ ಕೈಮುಗಿಯುವುದರಲ್ಲಿಯೇ ಏನೋ ಕೊರತೆಯಿದ್ದಿತೆಂದು ಮಗುವು ತಿಳಿಯುತ್ತದೆ. ತಿಳಿದುದನ್ನು ಯಾರೊಡನೆಯೂ ಆಡುವುದಿಲ್ಲ. ಇದಕ್ಕಿಂತ ದೊಡ್ಡ ಭಾರವನ್ನು ಮಗುವಿನ ತಲೆಯ ಮೇಲೆ ಹೊರಿಸಲಾಗದು. ಲಕ್ಷ್ಮೀಶನ ಕಥೆಯಲ್ಲಿ ಈ ವ್ಯಾಪಾರವಿಲ್ಲ. ಹುಡುಗನು ಕಲ್ಲನ್ನು ಇಟ್ಟುಕೊಂಡುದು ಏನನ್ನೋ ಪಡೆಯುವುದಕ್ಕಲ್ಲ. ಅದು ತನ್ನದೆಂದು ಇಟ್ಟುಕೊಂಡನು, ಅಷ್ಟೆ. ಸಾಕುಮಗುವು ಸತ್ತ ತಾಯಿಯ ಬಳೆಯ ಚೂರನ್ನೋ ತಂದೆಯ ಕೈಗಡಿಯಾರವನ್ನೋ ದಿಂಬಿನಡಿಯಲ್ಲಿ ಇಟ್ಟುಕೊಂಡು ಮಲಗಿದರೆ, ಅದು ನಡೆಯದ ಗಡಿಯಾರವೆಂದು ತೆಗೆದೆಸೆಯತಕ್ಕದ್ದಲ್ಲ.

ಮಾತಿನ ವಿಷಯದಲ್ಲಿಯೂ ಎಚ್ಚರವಿರಬೇಕು. ನಮ್ಮಲ್ಲಿ ತಬ್ಬಲಿಯನ್ನು 'ಪರದೇಶಿ' ಎನ್ನುವ ರೂಢಿಯುಂಟು. ಸಿಟ್ಟು ಬಂದಾಗ ಸ್ವಂತ ಮಕ್ಕಳನ್ನೂ ಹಾಗೆ ಬಯ್ಯುತ್ತೇವೆ. ಮನೆಯಲ್ಲಿ ಸಾಕುಮಗುವಿರುವಾಗ ಆ ಬಯ್ಗುಳವು ಬೇರೆಯವರಿಗೆ ಬಿದ್ದರೂ ನಾಟುವುದು ಅದಕ್ಕೇ. ಕಥೆ ಹೇಳುವಾಗ 'ಪಾಪ' ಎಂದು ನಿಟ್ಟುಸಿರಿಟ್ಟು ಆ ಮಗುವಿನ ಕಡೆ ತಿರುಗಿ ನೋಡುವ ಅಭ್ಯಾಸವನ್ನಂತೂ ಒಡನೆಯೇ ಬಿಡಬೇಕು. ಮಗುವು ಕಥೆಯೊಳಗೆ ತನ್ನಷ್ಟಕ್ಕೆ ಹೋಗಿ ಕುಳಿತಿರುತ್ತದೆ. ನಾವು ಅದನ್ನು ಅಲ್ಲಿಂದ ಎಬ್ಬಿಸಿ ತಂದು ಎಲ್ಲರೆದುರಿಗೆ ನಿಲ್ಲಿಸುವುದೇಕೆ?

ಕಥೆಗೆ ಮರಳೋಣ. ಕುಂತಳದ ಅರಸನಿಗೆ ವಯಸ್ಸಾಗಿತ್ತು, ಗಂಡು ಸಂತಾನವಿರಲಿಲ್ಲ. ರಾಜ್ಯಭಾರವೆಲ್ಲ ದುಷ್ಟಬುದ್ಧಿಯೆಂಬ ಮಂತ್ರಿಯದು. ಅವನ ಮನೆಗೆ ಊಟಕ್ಕೆ ಬಂದ ಬ್ರಾಹ್ಮಣರು ಅಲ್ಲಿ ಸುಳಿಯುತ್ತಿದ್ದ ಈ ಹುಡುಗನ ಲಕ್ಷಣಗಳನ್ನು ಕಂಡು, 'ಮುಂದೆ ಈ ರಾಜ್ಯಕ್ಕೆ ಇವನೇ ಒಡೆಯನಾಗುವನು, ಇವನನ್ನು ರಕ್ಷಿಸು' ಎಂದು ಮಂತ್ರಿಗೇ ಹೇಳಿಬಿಟ್ಟರು. ತನ್ನ ಮಗನಾದ ಮದನನಿಗೆ ರಾಜ್ಯವು ಬರಲೆಂದು ಎಣಿಸಿದ್ದ ಮಂತ್ರಿಯು ಹುಡುಗನನ್ನು ಕಾಡಿಗೊಯ್ದು ಕೊಂದು ಗುರುತನ್ನು ತರುವಂತೆ ಆಳುಗಳನ್ನು ಕಳುಹಿಸಿದನು. ಆ ಆಳುಗಳು ಕವಿಯ ಕಾಲದ ಸಮಾಜವು ಊರ ಹೊರಗೆ ಇಟ್ಟಿದ್ದ ಜನರು. ಕಾವ್ಯದಲ್ಲಿರುವ ಅವರ ಜಾತಿಯ ಹೆಸರನ್ನು ಇಂದು ಮಕ್ಕಳ ಮುಂದೆ ಎತ್ತಬೇಕಾದುದಿಲ್ಲ. ಆದರೆ ಕವಿಯು ಮಾಡಿದ ಕೆಲಸವನ್ನು ದೊಡ್ಡವರು ಗಮನಿಸಬೇಕು. ಪಂಕ್ತಿಯಲ್ಲಿ ಕುಳಿತು ಬ್ರಾಹ್ಮಣಭೋಜನ ಮಾಡಿಸುತ್ತಿದ್ದವನ ಎದೆಯಲ್ಲಿ ಇಲ್ಲದ ಕರುಣೆಯನ್ನು ಅವನು ಈ ಜನರ ಎದೆಯಲ್ಲಿ ಇಟ್ಟನು. ಎತ್ತಿದ ಕತ್ತಿಯ ಮುಂದೆ ಹುಡುಗನು ಬಾಯೊಳಗಿನ ಕಲ್ಲನ್ನು ನೆನೆದು ಹರಿಯನ್ನು ಸ್ಮರಿಸಿದನು. ಅವರ ಕೈ ನಡುಗಿತು. ಎಡಗಾಲಿನ ಆರನೆಯ ಬೆರಳನ್ನು ಕತ್ತರಿಸಿಕೊಂಡು, ಅದನ್ನೇ ಗುರುತಾಗಿ ಒಯ್ದು ಮಂತ್ರಿಗೆ ತೋರಿಸಿದರು.

ಅಪಲಕ್ಷಣವೆಂದು ಎಣಿಸಿದ ಬೆರಳೇ ಪ್ರಾಣಕ್ಕೆ ಬದಲಾಗಿ ಹೋಯಿತು. ಆರು ಬೆರಳಿನ ಮಕ್ಕಳು ಇಂದೂ ಹುಟ್ಟುತ್ತಾರೆ. ಅದರಲ್ಲಿ ಶುಭವೂ ಇಲ್ಲ ಅಶುಭವೂ ಇಲ್ಲ. ಪಾಠಶಾಲೆಯಲ್ಲಿ ಅಂಥವರನ್ನು ಹಾಸ್ಯ ಮಾಡಬಾರದೆಂದು ಈ ಸಂದರ್ಭದಲ್ಲಿ ಒಂದು ಮಾತು ಹೇಳಿಟ್ಟರೆ ನಷ್ಟವಿಲ್ಲ.

ರಕ್ತ ಸೋರುವ ಕಾಲಿನಿಂದ ಕಾಡಿನಲ್ಲಿ ಅಳುತ್ತಿದ್ದ ಹುಡುಗನು ಕುಳಿಂದನ ಕಣ್ಣಿಗೆ ಬಿದ್ದನು. ಕುಂತಳಕ್ಕೆ ಅಧೀನವಾದ ಚಂದನಾವತಿಯ ಒಡೆಯನವನು, ಮಕ್ಕಳಿಲ್ಲದವನು. ಎತ್ತಿಕೊಂಡು ಮನೆಗೆ ತಂದು ಹೆಂಡತಿಯ ಮಡಿಲಲ್ಲಿ ಹಾಕಿದನು. ಅಲ್ಲಿಂದ ಮುಂದೆ ಅವನ ವಿದ್ಯಾಭ್ಯಾಸ, ಶೌರ್ಯ, ದಿಗ್ವಿಜಯಗಳು ಬರುತ್ತವೆ. ಅವುಗಳನ್ನು ಬೇಗನೆ ದಾಟಿಸಬಹುದು. ಗುರುವು ಏನನ್ನು ಬರೆಸಿದರೂ ಹುಡುಗನು 'ಹರಿ' ಎಂಬೆರಡು ಅಕ್ಷರಗಳನ್ನೇ ಓದುತ್ತಿದ್ದನೆಂಬುದನ್ನು ಮಾತ್ರ ಬಿಡಬಾರದು. ಪಾಠ ಒಪ್ಪಿಸಲಾರದ ಮಕ್ಕಳಿಗೆ ಅದರಿಂದ ಬಹಳ ಸಮಾಧಾನವಾಗುತ್ತದೆ.

ಕಪ್ಪಕಾಣಿಕೆಯ ವಿಷಯಕ್ಕಾಗಿ ಚಂದನಾವತಿಗೆ ಬಂದ ದುಷ್ಟಬುದ್ಧಿಯು ಯುವಕನನ್ನು ಕಂಡು, ಕುಳಿಂದನಿಗೆ ಅವನು ದೊರೆತ ಬಗೆಯನ್ನು ಕೇಳಿ, ತಾನು ಕೊಲ್ಲಿಸಿದವನೇ ಇವನೆಂದು ಅರಿತನು. ಇವನಿಗೆ ವಿಷವನ್ನು ಕೊಡತಕ್ಕದ್ದೆಂದು ಮದನನಿಗೆ ಪತ್ರ ಬರೆದು, ಅದನ್ನು ಚಂದ್ರಹಾಸನ ಕೈಯಲ್ಲಿಯೇ ಕುಂತಳಕ್ಕೆ ಕಳುಹಿಸಿದನು. ಇತ್ತ ಕುಳಿಂದನನ್ನು ಸೆರೆಯಲ್ಲಿಟ್ಟನು. ದಾರಿಯಲ್ಲಿ ಬಳಲಿದ ಚಂದ್ರಹಾಸನು ಊರ ಹೊರಗಿನ ಉದ್ಯಾನದಲ್ಲಿ ನಿದ್ರೆಹೋದನು. ಅಲ್ಲಿಗೆ ವಿಹಾರಕ್ಕೆ ಬಂದ ಮಂತ್ರಿಯ ಮಗಳು ವಿಷಯೆಯು ಅವನನ್ನು ಕಂಡು ಮನಸೋತು, ಅವನ ಬಳಿಯಿದ್ದ ಪತ್ರವನ್ನು ಬಿಚ್ಚಿ ಓದಿದಳು. ತಂದೆಯು ಅವಸರದಲ್ಲಿ ತನ್ನ ಹೆಸರನ್ನೇ ತಪ್ಪಾಗಿ ಬರೆದಿರಬೇಕೆಂದು ಎಣಿಸಿ ಕಣ್ಣಿನ ಕಾಡಿಗೆಯಿಂದ ಅಕ್ಷರವನ್ನು ತಿದ್ದಿದಳು. ವಿಷವನ್ನು ಕೊಡೆಂಬುದು ವಿಷಯೆಯನ್ನು ಕೊಡೆಂದಾಯಿತು.

ಇಲ್ಲಿ ಮಕ್ಕಳ ಕೈಗೆ ಸ್ಲೇಟನ್ನು ಕೊಡಬೇಕು. ಮೊದಲು 'ವಿಷವ' ಎಂದು ಬರೆಯಲಿ, ಬೆರಳಿನಿಂದ 'ವ'ಕಾರವನ್ನು ಒರಸಲಿ, ಅಲ್ಲಿ 'ಯೆ' ಎಂದು ಬರೆಯಲಿ. ಒಂದು ಅಕ್ಷರದಿಂದ ಒಬ್ಬ ಮನುಷ್ಯನು ಉಳಿದನೆಂಬುದು ಕಿವಿಯಿಂದ ಕೇಳಿದುದಕ್ಕಿಂತ ಕೈಯಿಂದ ಒರಸಿದಾಗಲೇ ಚೆನ್ನಾಗಿ ತಿಳಿಯುವುದು. ಕಾಗುಣಿತಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಕಾಣೆವು. ಜರ್ಮನಿಯ ಗ್ರಿಮ್ ಸಹೋದರರು ಸಂಗ್ರಹಿಸಿದ ಕಥೆಯೊಂದರಲ್ಲಿಯೂ ಮುಂದೆ ರಾಜನ ಅಳಿಯನಾಗುವನೆಂದು ಹೇಳಿಸಿಕೊಂಡ ಬಡ ಹುಡುಗನಿದ್ದಾನೆ, ಅವನನ್ನು ಕೊಲ್ಲೆಂದು ಬರೆದ ಪತ್ರವನ್ನು ಅವನೇ ಒಯ್ಯುತ್ತಾನೆ. ಅಲ್ಲಿ ಕಳ್ಳರು ಕನಿಕರಪಟ್ಟು ಇಡೀ ಪತ್ರವನ್ನೇ ಬದಲಾಯಿಸಿ, ರಾಜಕುಮಾರಿಯನ್ನು ಕೊಡಬೇಕೆಂದು ಬರೆದಿಡುತ್ತಾರೆ. ಕಥೆಯ ಕಟ್ಟು ಒಂದೇ. ಆದರೆ ಒಂದೇ ಅಕ್ಷರವನ್ನು ತಿದ್ದುವ ಈ ಜಾಣತನವು ನಮ್ಮ ದೇಶದ ಕಥೆಗೆ ಮಾತ್ರ ಒಲಿದಿದೆ.

ಮದುವೆಯಾಯಿತು. ಮಂತ್ರಿಯು ಬಂದು ನೋಡಿ ಸಿಡಿಲು ಬಡಿದಂತಾದನು. ಮಗಳು ವಿಧವೆಯಾದರೂ ಆಗಲೆಂದು, ಊರ ಹೊರಗಿನ ಚಂಡಿಕಾಲಯದಲ್ಲಿ ಕೊಲೆಗಾರರನ್ನು ಅಡಗಿಸಿ, ಪೂಜೆಯ ನೆವದಿಂದ ಅಳಿಯನನ್ನು ಅಲ್ಲಿಗೆ ಹೋಗೆಂದನು. ಅದೇ ಸಂಜೆ ಮುದಿ ಅರಸನು ರಾಜ್ಯವನ್ನೂ ಮಗಳನ್ನೂ ಚಂದ್ರಹಾಸನಿಗೆ ಒಪ್ಪಿಸಲು ನಿಶ್ಚಯಿಸಿ, ಅವನನ್ನು ಕರೆತರುವಂತೆ ಮದನನನ್ನು ಕಳುಹಿಸಿದನು. ದಾರಿಯಲ್ಲಿ ಭಾವನನ್ನು ಕಂಡ ಮದನನು ಅವನನ್ನು ಅರಮನೆಗೆ ಅಟ್ಟಿ, ಪೂಜೆಯು ನಿಲ್ಲಬಾರದೆಂದು ತಾನೇ ಹೂವು ಗಂಧಗಳನ್ನು ತೆಗೆದುಕೊಂಡು ಗುಡಿಗೆ ಹೋದನು. ತಂದೆಯು ಹೂಡಿದ ಕತ್ತಿಗೆ ಮಗನು ಬಿದ್ದನು. ಅದನ್ನು ಕಂಡ ತಂದೆಯು ಕಂಬಕ್ಕೆ ತಲೆಯನ್ನು ಒಡೆದುಕೊಂಡು ಸತ್ತನು.

ಈ ಭಾಗವನ್ನು ಹೇಳುವಾಗ ಮಕ್ಕಳು ಸುಮ್ಮನಾಗುತ್ತಾರೆ. ಮದನನು ಏನೂ ತಪ್ಪು ಮಾಡಿದವನಲ್ಲ. ಪತ್ರವನ್ನು ನಂಬಿ ತಂಗಿಯನ್ನು ಕೊಟ್ಟನು, ಅರಸನ ಮಾತನ್ನು ಕೇಳಿ ಓಡಿಬಂದನು, ಭಾವನ ಪೂಜೆಯನ್ನು ತಾನು ವಹಿಸಿಕೊಂಡನು. ಕೆಲವರು ಹೆದರಿ ಇದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಇದನ್ನು ಬಿಟ್ಟರೆ ಚಂದ್ರಹಾಸನು ಕಥೆಯಲ್ಲಿ ಮಾಡಿದ ಒಂದೇ ಒಂದು ದೊಡ್ಡ ಕೆಲಸವು ಕಾಣದೆ ಹೋಗುತ್ತದೆ. ಅಲ್ಲಿಯವರೆಗೆ ಅವನು ಮಾಡಿದುದಕ್ಕಿಂತ ಅವನಿಗಾಗಿ ಪರರು ಮಾಡಿದುದೇ ಹೆಚ್ಚು. ರಾಜ್ಯವು ಕೈಗೆ ಬಂದ ಮೇಲೆ ಅವನು ಸುದ್ದಿ ಕೇಳಿ ಗುಡಿಗೆ ಬಂದು, ತನ್ನಿಂದ ಇಬ್ಬರು ಸತ್ತರೆಂದು ತನ್ನ ತಲೆಯನ್ನೇ ಅರಿದು ಕೊಡಲು ಕತ್ತಿಯನ್ನೆತ್ತಿದನು. ದೇವಿಯು ಪ್ರತ್ಯಕ್ಷಳಾಗಿ ತಡೆದಾಗ ಇಬ್ಬರೂ ಏಳಲೆಂದು ಬೇಡಿದನು. ಇಬ್ಬರೂ ಎದ್ದರು.

ಕೆಟ್ಟವನನ್ನೂ ಏಕೆ ಎಬ್ಬಿಸಿದನೆಂದು ಮಕ್ಕಳು ಖಂಡಿತವಾಗಿ ಕೇಳುತ್ತಾರೆ. ದುಷ್ಟಬುದ್ಧಿಯು ಸತ್ತೇ ಇರಬೇಕಾಗಿತ್ತೆಂದು ವಾದಿಸುವವರೂ ಇರುತ್ತಾರೆ. ಅವರ ಬಾಯಿ ಮುಚ್ಚಿಸದೆ ವಾದಿಸಗೊಡಬೇಕು. ಮದನನಿಗೆ ತಂದೆಯಿಲ್ಲದೆ ಹೋಗುತ್ತಿದ್ದನೆಂದು ಒಂದು ಮಗುವು ಹೇಳಿದರೆ, ಆ ಉತ್ತರವನ್ನು ಯಾರು ಹೇಳಿದರೆಂಬುದನ್ನು ದೊಡ್ಡವರು ಮನಸ್ಸಿನಲ್ಲಿಟ್ಟುಕೊಳ್ಳಲಿ. ಮಾತಾಡಬೇಕಾಗಿಲ್ಲ.

ಈ ಕಥೆಯನ್ನು ಒಂದೇ ರಾತ್ರಿಯಲ್ಲಿ ಮುಗಿಸಕೂಡದು. ಐದು ರಾತ್ರಿಗಳಾದರೂ ಬೇಕು. ಮೊದಲನೆಯ ರಾತ್ರಿ ದಾದಿಯ ಮರಣದಲ್ಲಿ ನಿಲ್ಲಿಸದೆ, ಊರ ಹೆಂಗಸರು ಉಣಬಡಿಸುವವರೆಗೂ ಹೇಳಿ ನಿಲ್ಲಿಸಬೇಕು. ಹಸಿದ ಹುಡುಗನನ್ನು ಬೀದಿಯಲ್ಲಿ ಬಿಟ್ಟು ಮಕ್ಕಳನ್ನು ಮಲಗಿಸಬಾರದು. ಎರಡನೆಯ ರಾತ್ರಿ ಕಲ್ಲು ಮತ್ತು ಕಾಡು. ಮೂರನೆಯದು ಕುಳಿಂದನ ಮನೆ. ನಾಲ್ಕನೆಯ ರಾತ್ರಿ ಪತ್ರ ಮತ್ತು ಸ್ಲೇಟು. ಮನೆಯಲ್ಲಿ ಜೈಮಿನಿ ಭಾರತದ ಪ್ರತಿಯಿದ್ದರೆ ಆ ಸಂದರ್ಭದ ಎರಡು ಮೂರು ಪದ್ಯಗಳನ್ನು ಗಟ್ಟಿಯಾಗಿ ಓದಬೇಕು. ಅರ್ಥವಾಗದಿದ್ದರೂ ಚಿಂತೆಯಿಲ್ಲ, ಷಟ್ಪದಿಯ ನಡೆಯು ಕಿವಿಯಲ್ಲಿ ಉಳಿಯುತ್ತದೆ. ಐದನೆಯ ರಾತ್ರಿ ಗುಡಿ. ಆ ರಾತ್ರಿ ಪಟ್ಟಾಭಿಷೇಕದಲ್ಲಿಯೇ ಕಥೆಯನ್ನು ಮುಗಿಸಿಬಿಡುವವರು ಹೆಚ್ಚು. ಆದರೆ ಚಂದನಾವತಿಯಲ್ಲಿ ಕುಳಿಂದನು ಇನ್ನೂ ಸೆರೆಯಲ್ಲಿದ್ದಾನೆ. ಕಾಡಿನಿಂದ ಎತ್ತಿತಂದ ಆ ತಂದೆಯನ್ನು ಬಿಡಿಸಿ, ಮಗನ ಬಳಿಗೆ ಕರೆತಂದು, ಆಮೇಲೆ ದೀಪವನ್ನು ಆರಿಸತಕ್ಕದ್ದು.